ಆರನೆಯ ಪಕ್ಕೆಲುಬು

ಫೆಬ್ರವರಿ 9

ಅಕ್ಕಾ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮವಾ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳಿದ್ದೇನೆ ಅಂದುಕೋ. ಅಮ್ಮ ತೀರಿಕೊಳ್ಳುವ ಮುಂಚೆ ಅವಳ ಎದೆಯ ಚಿತ್ರ ನೋಡಿಯೂ ಒಂಬತ್ತು ದಿನ ನನಗೆ ಹೇಳದೆ ಬಾಯಿ ಮುಚ್ಚಿಕೊಂಡಿದ್ದೆಯಲ್ಲ, ಆ ಸಿಟ್ಟು ಹಾಗೇ ಇದೆ. ಅದನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತು. ಮಾಡಿದರೆ ಎರಡನೆಯ ಮಾತಿಗೆ ಅಮ್ಮನ ವಿಷಯ ಬರುತ್ತದೆ, ಮೂರನೆಯದಕ್ಕೆ ನಾನು ಕಿರುಚುತ್ತೇನೆ, ನಾಲ್ಕನೆಯದಕ್ಕೆ ನೀನು ಇಡುತ್ತೀಯ. ಚಿಕ್ಕವರಿದ್ದಾಗ ನಾವು ಕಿತ್ತಾಡಿದರೆ ಅಮ್ಮ ಇಬ್ಬರ ಕೈಗೂ ಒಂದೊಂದು ಹಾಳೆ ಕೊಟ್ಟು, "ಬಾಯಲ್ಲಿ ಬೇಡ, ಬರೆದು ಕೊಡಿ" ಅನ್ನುತ್ತಿದ್ದಳು. ಅರ್ಧ ಪುಟ ಬರೆಯುವಷ್ಟರಲ್ಲಿ ಕೈ ನೋಯುತ್ತಿತ್ತು, ಸಿಟ್ಟೂ ಇಳಿಯುತ್ತಿತ್ತು. ಅದಕ್ಕೇ ಕಾಗದ. ನಿಮ್ಮೂರಿಗೆ ಬರುವ ನಮ್ಮ ಕಂಪನಿಯ ಬಸ್ಸಿನಲ್ಲಿ ಹಾಕಿ ಕಳಿಸುತ್ತಿದ್ದೇನೆ. ನಿಲ್ದಾಣದ ಪಾರ್ಸೆಲ್ ಕಿಟಕಿಯವರು ನಿನಗೆ ಫೋನ್ ಮಾಡುತ್ತಾರೆ. ಉತ್ತರವನ್ನೂ ಅಲ್ಲೇ ಕೊಡು, ಮಾರನೆಯ ದಿನ ನನ್ನ ಕೈಗೆ ಬರುತ್ತದೆ.

ವಿಷಯ ಇದು. ಹೋದ ವರ್ಷ ನಮ್ಮ ಡ್ರೈವರೊಬ್ಬ ಸ್ಟೇರಿಂಗ್ ಮೇಲೇ ಕುಸಿದ. ಬಸ್ಸು ಒಂದು ಗೋಡೆಗೆ ಒರಗಿ ನಿಂತಿತು. ಜನ ಉಳಿದರು, ಅವನು ಉಳಿಯಲಿಲ್ಲ. ಆವತ್ತಿನಿಂದ ಕಂಪನಿಗೆ ಜ್ಞಾನೋದಯವಾಗಿ, ಐವತ್ತು ದಾಟಿದ ಡ್ರೈವರುಗಳೆಲ್ಲ ಎದೆಯ ಸ್ಕ್ಯಾನ್ ಮಾಡಿಸಿಕೊಳ್ಳಬೇಕು ಅಂತ ನೋಟಿಸು ಅಂಟಿಸಿದ್ದಾರೆ. ನನಗೆ ಐವತ್ತಮೂರು. ಸಕ್ಕರೆ ಕಾಯಿಲೆ ಇದೆ. ದಿನಕ್ಕೆ ಎಂಟು ಸಿಗರೇಟು. ಎರಡು ತಿಂಗಳಿಂದ ಡಿಪೋದ ಮೆಟ್ಟಿಲು ಹತ್ತುವಾಗ ಎಡಗಡೆ ಏನೋ ಹಿಡಿದ ಹಾಗಾಗುತ್ತದೆ. ಯಾರಿಗೂ ಹೇಳಿಲ್ಲ. ಸ್ಕ್ಯಾನಿನಲ್ಲಿ ಕೆಟ್ಟದ್ದು ಬಂದರೆ ಸ್ಟೇರಿಂಗ್ ಕಿತ್ತುಕೊಳ್ಳುತ್ತಾರೆ. ಇಪ್ಪತ್ತೆಂಟು ವರ್ಷ ಅದನ್ನು ಬಿಟ್ಟು ಬೇರೇನನ್ನೂ ಹಿಡಿದವನಲ್ಲ ನಾನು.

ನೀನು ದಿನವಿಡೀ ಅದನ್ನೇ ನೋಡುವವಳು. ಅದರಲ್ಲಿ ನಿಜವಾಗಿ ಏನೇನು ಕಾಣುತ್ತದೆ? ಇನ್ನೊಂದು ದಡ್ಡ ಪ್ರಶ್ನೆ. ಮುಖ ಕಾಣುತ್ತದೆಯಾ?

ಹೇಗೆ ಮುಗಿಸಬೇಕೋ ಮರೆತುಹೋಗಿರುವ
ನಿನ್ನ ತಮ್ಮ


ಫೆಬ್ರವರಿ 14

ತಮ್ಮಾ,

ಕಾಗದ ಸಿಕ್ಕಿತು. ಪಾರ್ಸೆಲ್ ಕಿಟಕಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಂದು ಕಾಗದಕ್ಕೆ ಅಷ್ಟು ದೂರದಿಂದ ಬಂದ್ರಾ ಮೇಡಂ" ಅಂದ. ನಾಲ್ಕು ವರ್ಷದ್ದು ಅಂತ ಅವನಿಗೇನು ಗೊತ್ತು.

ನಾನೀಗ ರೋಗಿಗಳನ್ನು ನೋಡುವುದೇ ಇಲ್ಲ. ಮೊಣಕಾಲು ನೋವು ಶುರುವಾದ ಮೇಲೆ ಯಂತ್ರದ ಕೋಣೆಯಿಂದ ಚಿತ್ರದ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ಮೂರು ಪರದೆ, ಸದಾ ಗುಂಯ್‌ಗುಡುವ ಏಸಿ, ಹೆಗಲ ಮೇಲೊಂದು ಸ್ವೆಟರ್. ಹತ್ತು ಊರುಗಳ ಸ್ಕ್ಯಾನ್ ಕೇಂದ್ರಗಳಿಂದ ಚಿತ್ರಗಳು ಇಲ್ಲಿಗೆ ಬರುತ್ತವೆ. ಹೃದಯದ ಮೇಲಿನ ರಕ್ತನಾಳಗಳು ಬಳ್ಳಿಯ ಹಾಗೆ ಸುತ್ತಿಕೊಂಡಿರುತ್ತವೆ. ಒಂದೊಂದನ್ನೇ ಪರದೆಯ ಮೇಲೆ ಹಿಡಿದು, ನೇರ ಮಾಡಿ, ಅಡ್ಡಡ್ಡ ಸೀಳಿ ಡಾಕ್ಟರ್ ಮೇಡಂ ಓದುವುದಕ್ಕೆ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ದಿನಕ್ಕೆ ಹದಿನೆಂಟು ಎದೆ. ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಯಾರಾದರೂ ನಕ್ಕರೆ, ಇವರು ನನಗೆ ಗೊತ್ತಿರಬಹುದು, ಆದರೆ ಒಳಗಿನಿಂದ, ಅಂದುಕೊಳ್ಳುತ್ತೇನೆ.

ಏನು ಕಾಣುತ್ತದೆ ಅಂತ ಕೇಳಿದೆ. ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಬಿಳಿಯ ಚುಕ್ಕೆಯಾಗಿ ಕಾಣುತ್ತದೆ. ಎಷ್ಟು ಸುಣ್ಣ ಅನ್ನುವುದಕ್ಕೆ ಯಂತ್ರ ಒಂದು ಅಂಕ ಕೊಡುತ್ತದೆ. ಇಲ್ಲಿ ಕಡಿಮೆ ಅಂಕ ಬಂದವನೇ ಜಾಣ. ಜನ ಆ ಅಂಕವೊಂದನ್ನೇ ಹಿಡಿದು ಕುಣಿಯುತ್ತಾರೆ. ಆದರೆ ಕೈಕೊಡುವುದು ಹೆಚ್ಚಾಗಿ ಸುಣ್ಣವಲ್ಲ, ಇನ್ನೂ ಸುಣ್ಣವಾಗದ ಮೆತ್ತನೆಯ ಕೊಬ್ಬು. ಅದು ಯಾವತ್ತು ಬಿರಿದು ದಾರಿ ಮುಚ್ಚುತ್ತದೋ ಹೇಳಲು ಬರುವುದಿಲ್ಲ. ಅದನ್ನು ನೋಡುವುದಕ್ಕೇ ಕೈಯ ನರಕ್ಕೆ ಔಷಧಿ ಬಿಟ್ಟು ಎರಡನೆಯ ಸಲ ಚಿತ್ರ ತೆಗೆಯುತ್ತಾರೆ.

ಹೋಗಿ ಮಾಡಿಸಿಕೋ. ಹಿಂದಿನ ದಿನದಿಂದ ಕಾಫಿ, ಸಿಗರೇಟು ಬೇಡ. ನಾಡಿ ನಿಧಾನ ಮಾಡಲು ಮಾತ್ರೆ ಕೊಡುತ್ತಾರೆ, ಉಸಿರು ಹಿಡಿ ಅಂದಾಗ ಹಿಡಿ, ಅಷ್ಟೇ. ಮೆಟ್ಟಿಲು ಹತ್ತುವಾಗ ಹಿಡಿಯುತ್ತದೆ ಅನ್ನುವುದನ್ನು ಅಲ್ಲಿನ ಡಾಕ್ಟರಿಗೆ ಹೇಳು. ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತದೆ. ನಿನ್ನ ಬೆನ್ನ ಹಿಂದೆ ನಲವತ್ತು ಜನ ಕೂತಿರುತ್ತಾರೆ ಅನ್ನುವುದು ನಿನಗೂ ಅರ್ಥವಾಗಬೇಕು.

ಮುಖ ಕಾಣುವುದಿಲ್ಲ. ಯಾಕೆ ಕೇಳಿದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ನಿನ್ನ
ಅಕ್ಕ


ಮಾರ್ಚ್ 1

ಅಕ್ಕಾ,

ಕೆಲಸ ಮುಗಿಯಿತು. ಸ್ಕ್ಯಾನ್ ಆಯಿತು. ಎದೆಗೆ ಏನೇನೋ ಅಂಟಿಸಿ, ಎರಡೂ ಕೈ ತಲೆಯ ಮೇಲಿಟ್ಟು ಮಲಗಿಸಿದರು. ಔಷಧಿ ಒಳಗೆ ಹೋದಾಗ ಮೈಯೆಲ್ಲ ಬಿಸಿಯಾಗಿ, ಚಡ್ಡಿಯಲ್ಲೇ ಆಗಿಹೋಯಿತೇನೋ ಅನ್ನಿಸುತ್ತದೆ. ಆಗಿರಲಿಲ್ಲ. ಇನ್ನು ಮೂರು ವರ್ಷ ಯಾರೂ ಕೇಳುವುದಿಲ್ಲವಂತೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

ಅವಸರದಲ್ಲಿದ್ದೇನೆ. ಬಸ್ಸು ತೊಳೆದು ನಿಲ್ಲಿಸಿದ್ದಾರೆ, ಹೊರಡಬೇಕು.

ತಮ್ಮ


ಮಾರ್ಚ್ 4

ತಮ್ಮಾ,

ಬೆಳಿಗ್ಗೆಯಿಂದ ಐದು ಸಲ ಫೋನ್ ಮಾಡಿದೆ. ಐದು ಸಲವೂ ನೀನು ಕತ್ತರಿಸಿದೆ. ಆದ್ದರಿಂದ ಮಧ್ಯಾಹ್ನದ ಬಸ್ಸಿಗೆ ಇದನ್ನು ಕೊಡುತ್ತಿದ್ದೇನೆ. ಕೂತುಕೊಂಡು ಓದು.

ನಿನ್ನೆ ಹನ್ನೊಂದು ಗಂಟೆಗೆ ನನ್ನ ಪಟ್ಟಿಯಲ್ಲಿ ಏಳನೆಯವನಾಗಿ ನೀನು ಬಂದೆ. ನಿನ್ನ ಹೆಸರು, ನಿನ್ನ ವಯಸ್ಸು, ನಿನ್ನ ಹುಟ್ಟಿದ ದಿನ. ಸಂಬಂಧಿಕರ ಚಿತ್ರ ಬಂದರೆ ಪಕ್ಕದ ಮೇಜಿಗೆ ದಾಟಿಸಬೇಕು ಅನ್ನುವುದು ನಮ್ಮಲ್ಲಿ ನಿಯಮ. ದಾಟಿಸಲಿಲ್ಲ. ನಾನೇ ತೆರೆದೆ.

ಸುಣ್ಣದ ಅಂಕ ಒಂಬತ್ತು. ನಿನ್ನ ಸಿಗರೇಟಿಗೂ ಸಕ್ಕರೆಗೂ ಒಂಬತ್ತು ಅಂದರೆ ಏನೂ ಅಲ್ಲ. ಅದೃಷ್ಟವಂತ ಕತ್ತೆ ಅಂದುಕೊಂಡೆ. ಆಮೇಲೆ ನಾಳಗಳನ್ನು ನೇರ ಮಾಡಲು ಹಿಡಿದೆ. ಎಡಗಡೆಯ ದೊಡ್ಡ ನಾಳದಲ್ಲಿ, ಅದು ಕವಲೊಡೆಯುವುದಕ್ಕೂ ಮುಂಚೆ, ಬುಡದಲ್ಲೇ, ಬೂದು ಬಣ್ಣದ ಕೊಬ್ಬು ಒಂದು ಬದಿಯಿಂದ ಒತ್ತಿಕೊಂಡು ಬಂದಿತ್ತು. ಉಳಿದ ದಾರಿ ಕಾಲು ಭಾಗ. ಹೃದಯದ ಅರ್ಧಕ್ಕಿಂತ ಹೆಚ್ಚು ಪಾಲಿಗೆ ರಕ್ತ ಹೋಗುವುದು ಅದರಿಂದಲೇ. ಅಲ್ಲಿ ಮುಚ್ಚಿಕೊಂಡರೆ ಆಸ್ಪತ್ರೆಯವರೆಗೆ ಬಂದು ಮುಟ್ಟುವವರು ಕಡಿಮೆ.

ಅರ್ಧ ಗಂಟೆ ಮೌಸ್ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತೆ. ಪರದೆಯ ಮೇಲೆ ಬಾಣದ ಗುರುತು ಅಲ್ಲಾಡಲೇ ಇಲ್ಲ. ನಾಲ್ಕು ವರ್ಷ ನಿನ್ನ ಜೊತೆ ಮಾತು ಬಿಟ್ಟು ನಾನು ಉಳಿಸಿಕೊಂಡದ್ದೇನು ಅಂತ ಯೋಚಿಸಿದೆ. ಏನೂ ಹೊಳೆಯಲಿಲ್ಲ.

ಆಮೇಲೆ ಯಾಕೋ ನಿನ್ನ ಪಕ್ಕೆಲುಬು ನೋಡೋಣ ಅನ್ನಿಸಿತು. ನಿನಗೆ ಹತ್ತೊಂಬತ್ತು. ನೀರಿನ ತೊಟ್ಟಿ ತೊಳೆಯಲು ಮೇಲೆ ಹತ್ತಿದ್ದೆ, ನಾನು ತಮಾಷೆಗೆ ಏಣಿ ತೆಗೆದೆ, ನೀನು ಧಿಮಾಕಿನಿಂದ ಹಾರಿ ಎಡಗಡೆಯ ಆರನೆಯ ಪಕ್ಕೆಲುಬು ಮುರಿದುಕೊಂಡೆ. ಆಗ ನಾನು ಎಕ್ಸ್‌ರೇ ಕಲಿಯುತ್ತಿದ್ದೆ. ನನ್ನ ಕೈಯಾರೆ ತೆಗೆದ ಮೊದಲ ಎಕ್ಸ್‌ರೇ ನಿನ್ನದೇ. ಮೂಳೆ ಓರೆಯಾಗಿ ಕೂಡಿಕೊಂಡು, ಕೂಡಿದ ಜಾಗದಲ್ಲಿ ಗೋಲಿಯಷ್ಟು ದಪ್ಪ ಗಂಟಾಯಿತು. ಅದು ಸಾಯುವವರೆಗೂ ಹೋಗುವುದಿಲ್ಲ. ಎಣಿಸಿದೆ. ನಾಲ್ಕು, ಐದು, ಆರು. ಗಂಟಿಲ್ಲ. ಬಲಗಡೆ ಎಣಿಸಿದೆ. ಮತ್ತೆ ಎಡಗಡೆ. ಎಲ್ಲ ನುಣ್ಣಗಿವೆ.

ಹೋದ ಜೀವ ಬಂತು. ಒಬ್ಬಳೇ ನಕ್ಕುಬಿಟ್ಟೆ ಕಣೋ. ನಕ್ಕು ಮುಗಿಸಿ ನೋಡಿದರೆ ಆ ಹೃದಯ ಪರದೆಯಲ್ಲಿ ಹಾಗೇ ಇತ್ತು, ಆ ಕೊಬ್ಬೂ ಹಾಗೇ ಇತ್ತು. ಅದು ಇನ್ಯಾರದೋ. ನನಗಾದ ಸಂತೋಷಕ್ಕೆ ನನಗೇ ನಾಚಿಕೆಯಾಯಿತು, ಇನ್ನೂ ಆಗುತ್ತಿದೆ.

ಮೇಡಂಗೆ ಎಲ್ಲ ಹೇಳಿದೆ. ಅವರು ತಕ್ಷಣ ನಿಮ್ಮೂರಿನ ಕೇಂದ್ರಕ್ಕೆ ಫೋನ್ ಮಾಡಿದರು. "ಗುರುತಿನ ಚೀಟಿ ನೋಡಿಯೇ ಮಾಡಿದೀವಿ" ಅಂದರಂತೆ ಅವರು. ಕೇಂದ್ರದವರು ನಿನಗೂ ಫೋನ್ ಮಾಡಿರಲೇಬೇಕು. ಆ ಮನುಷ್ಯ ಯಾರು ಅಂತ ಗೊತ್ತಿರುವುದು ನಿನಗೊಬ್ಬನಿಗೇ. ಯಾರು ಅವನು? ಈಗ ಎಲ್ಲಿದ್ದಾನೆ?

ಅಕ್ಕ


ಮಾರ್ಚ್ 10

ಅಕ್ಕಾ,

ನಿನ್ನ ಕಾಗದವನ್ನು ಐದು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಸ್ಕ್ಯಾನ್ ಕೇಂದ್ರದವರು ನಿನ್ನ ಕಾಗದಕ್ಕಿಂತ ಮುಂಚೆಯೇ, ನಾಲ್ಕನೇ ತಾರೀಕು ಬೆಳಿಗ್ಗೆ ಫೋನ್ ಮಾಡಿದ್ದರು. "ನೀವು ಗಾಡಿ ಓಡಿಸಬೇಡಿ, ತಕ್ಷಣ ಬನ್ನಿ" ಅಂದರು. ನಾನು ಹೂಂ ಅಂದೆ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟೆ.

ಅವನು ಉಗ್ರಾಣ. ನನ್ನ ಜೋಡಿ ಡ್ರೈವರ್. ನಮ್ಮದು ಹದಿನಾಲ್ಕು ಗಂಟೆಯ ದಾರಿ, ನಾಲ್ಕು ಗಂಟೆ ನಾನು, ನಾಲ್ಕು ಗಂಟೆ ಅವನು. ಒಬ್ಬ ಓಡಿಸುವಾಗ ಇನ್ನೊಬ್ಬ ಹಿಂದಿನ ಉದ್ದದ ಸೀಟಿನಲ್ಲಿ ಮಲಗುತ್ತಾನೆ. ಹನ್ನೊಂದು ವರ್ಷದಿಂದ ಹೀಗೇ. ಅವನ ಹತ್ತಿರ ಒಂದು ಖಾಕಿ ಚೀಲ ಇದೆ. ಸೂಜಿ ದಾರ, ಹಗ್ಗ, ಟಾರ್ಚು, ಉಗುರು ಕತ್ತರಿ, ಸೇಫ್ಟಿ ಪಿನ್ನು, ವಾಂತಿ ಮಾಡುವವರಿಗೆ ಕವರು, ಯಾರದೋ ಕನ್ನಡಕದ ಒಂದು ಕಾಲು. ಯಾವ ಪ್ರಯಾಣಿಕ ಏನು ಕೇಳಿದರೂ ಅದರಲ್ಲಿರುತ್ತದೆ. ಅದಕ್ಕೇ ಆ ಹೆಸರು. ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಅವನಿಗೆ ನಲವತ್ತೆಂಟು. ನೋಟಿಸು ಅವನಿಗೆ ಅನ್ವಯಿಸುವುದಿಲ್ಲ. ಬೀಡಿ ಸಿಗರೇಟಿಲ್ಲ, ಸಕ್ಕರೆಯಿಲ್ಲ, ಒಂದು ದಿನ ಜ್ವರ ಅಂತ ಮಲಗಿದವನಲ್ಲ. ಗುಂಡುಕಲ್ಲು. ಅದಕ್ಕೇ ನನ್ನ ಬದಲು ಹೋಗ್ತೀಯಾ ಅಂತ ಅವನನ್ನು ಕೇಳಿದೆ. ಅವನು ಒಂದೇ ಮಾತು ಕೇಳಿದ, "ನೋವಾಗುತ್ತಾ?" ಇಲ್ಲ ಅಂದೆ. "ಹಾಗಾದ್ರೆ ಹೋಗ್ತೀನಿ ಬಿಡು" ಅಂದ. ಗುರುತಿನ ಚೀಟಿಯ ಫೋಟೋ ಹದಿನೈದು ವರ್ಷ ಹಳೆಯದು, ಮೀಸೆ ಇರುವ ಯಾರಾದರೂ ಅದರ ಹಾಗೇ ಕಾಣುತ್ತಾರೆ. ಎರಡು ದಿನ ಓಡಿಸುತ್ತ ಓಡಿಸುತ್ತ ಅವನಿಗೆ ನನ್ನ ಪೂರ್ತಿ ಹೆಸರು, ಹುಟ್ಟಿದ ದಿನ, ಅಪ್ಪನ ಹೆಸರು, ಕೇಳಿದರೆ ಇರಲಿ ಅಂತ ಅಮ್ಮನ ಹೆಸರು, ಎಲ್ಲ ಬಾಯಿಪಾಠ ಮಾಡಿಸಿದೆ. ಜಾಣ, ಒಂದೂ ತಪ್ಪಲಿಲ್ಲ.

ಹೇಳಿಲ್ಲ ಅಕ್ಕಾ. ದಿನಾ ಬೆಳಿಗ್ಗೆ ಹೇಳಬೇಕು ಅಂದುಕೊಳ್ಳುತ್ತೇನೆ. ಹೇಳಿದರೆ ಇಬ್ಬರ ಕೆಲಸವೂ ಹೋಗುತ್ತದೆ. ಅವನ ದೊಡ್ಡ ಮಗಳು ಈ ವರ್ಷ ಕಾಲೇಜು ಸೇರಬೇಕು. ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಎರಡು ಪಾಳಿಯೂ ನಾನೇ ಓಡಿಸುತ್ತಿದ್ದೇನೆ. ಅವನಿಗೆ ಮಲಗು ಅನ್ನುತ್ತೇನೆ. ಸಾಮಾನು ಎತ್ತಲು ಬಿಡುವುದಿಲ್ಲ, ಟೈರು ಮುಟ್ಟಲು ಬಿಡುವುದಿಲ್ಲ. ಹದಿನಾಲ್ಕು ಗಂಟೆ ಓಡಿಸಿ ಇಳಿದಾಗ ಕಾಲು ನನ್ನವು ಅನ್ನಿಸುವುದಿಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತಿರುತ್ತೇನೆ, ಹೊಟ್ಟೆ ಏರಿ ಇಳಿಯುತ್ತಿದೆಯಾ ಅಂತ. ದಾರಿಗಿಂತ ಹೆಚ್ಚಾಗಿ ಅದನ್ನೇ ನೋಡುತ್ತೇನೆ.

ಆ ಚಿತ್ರವನ್ನು ಅಳಿಸಲು ಬರುತ್ತದೆಯಾ?

ತಮ್ಮ


ಮಾರ್ಚ್ 12

ತಮ್ಮಾ,

ಚಿತ್ರ ಅಳಿಸಿದರೆ ಕೊಬ್ಬು ಕರಗುತ್ತದೆಯೇ?

ಮಲಗಿದರೆ ನಾಳ ಅಗಲವಾಗುವುದಿಲ್ಲ. ಅದು ಸೀಟಿನಲ್ಲಿ ಮಲಗಿದ್ದಾಗಲೂ ಬಿರಿಯಬಹುದು, ಹಲ್ಲುಜ್ಜುವಾಗಲೂ ಬಿರಿಯಬಹುದು. ಹೀಗೇ ಹತ್ತು ವರ್ಷ ಇದ್ದರೂ ಇರಬಹುದು. ಅದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ. ಇಂಥದ್ದನ್ನು ಮೊದಲೇ ನೋಡಲಿ ಅಂತಲೇ ಆ ಯಂತ್ರ ಇರುವುದು. ನೋಡಿಯಾಯಿತು. ಈಗ ಆಪರೇಷನ್ ಮಾಡಿದರೆ ಬದುಕಿ ಬಾಳುವ ಮನುಷ್ಯ. ಅವನನ್ನು ನೀನು ಬೆನ್ನ ಹಿಂದೆ ಮಲಗಿಸಿಕೊಂಡು, ನಿದ್ದೆಗೆಟ್ಟ ಕಣ್ಣಲ್ಲಿ ನಲವತ್ತು ಜನರನ್ನು ಕೂರಿಸಿಕೊಂಡು, ಕನ್ನಡಿ ನೋಡಿಕೊಂಡು ಬಸ್ಸು ಓಡಿಸುತ್ತಿದ್ದೀಯ. ಒಂದು ಸುಳ್ಳಿಗೆ ಎಷ್ಟು ಜನರನ್ನು ಕಟ್ಟಿಹಾಕುತ್ತೀಯ?

ಜೊತೆಗಿರುವ ಇನ್ನೊಂದು ಹಾಳೆ ಅವರಿಗೆ. ಲಕೋಟೆ ಅಂಟಿಸಿಲ್ಲ, ನೀನೂ ಓದು. ಓದಿ ಅವರ ಕೈಗೆ ಕೊಡು. ನಿನ್ನ ಬಾಯಿಂದ ಬರುವುದಿಲ್ಲ ಅಂತ ಗೊತ್ತು, ಅದಕ್ಕೇ ಬರೆದು ಕೊಟ್ಟಿದ್ದೇನೆ. ನಮ್ಮ ಮನೆಯ ಪದ್ಧತಿಯೇ ಅದಲ್ಲವೇ. ಅದರಲ್ಲಿ ನಿಮ್ಮೂರಿನ ಡಾಕ್ಟರ ನಂಬರಿದೆ, ಅವರಿಗೆ ವಿಷಯ ಗೊತ್ತು, ಫೋನ್ ಮಾಡಿದರೆ ಆಂಬುಲೆನ್ಸ್ ಕಳಿಸುತ್ತಾರೆ.

ನಾಡಿದ್ದು ಶುಕ್ರವಾರ ಸಂಜೆ ಐದಕ್ಕೆ ನಾನೇ ನಿಮ್ಮ ಡಿಪೋಗೆ ಫೋನ್ ಮಾಡುತ್ತೇನೆ. ಇವತ್ತೇ ಮಾಡಬೇಕಿತ್ತು. ಮಾಡಲಿಲ್ಲ, ಯಾಕೆಂದರೆ ನೀನು ನನ್ನ ತಮ್ಮ. ಈ ಎರಡು ದಿನದಲ್ಲಿ ಏನಾದರೂ ಆದರೆ ಅದರಲ್ಲಿ ನನ್ನ ಪಾಲೂ ಇರುತ್ತದೆ. ನನಗೆ ಸುಸ್ತಾಗಿದೆ ಕಣೋ. ಜನರ ಒಳಗಿನದೆಲ್ಲ ಗೊತ್ತಿದ್ದು ಬಾಯಿ ಮುಚ್ಚಿಕೊಂಡಿರುವುದು ಇಷ್ಟು ವರ್ಷ ಸಾಕಾಯಿತು.

ಅಕ್ಕ


ಮಾರ್ಚ್ 20

ಅಕ್ಕಾ,

ನೀನು ಡಿಪೋಗೆ ಫೋನ್ ಮಾಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆದರೂ ನಡೆದದ್ದನ್ನು ನಾನೇ ಹೇಳಬೇಕು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬಸ್ಸು ನಿಲ್ಲಿಸಿದಾಗ ಜನ ಎಲ್ಲ ಇಳಿದು ಹೋದರು. ಉಗ್ರಾಣ ಬಾಗಿಲ ಮೆಟ್ಟಿಲ ಮೇಲೆ ಕೂತು ಯಾರೋ ಪ್ರಯಾಣಿಕನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಆ ಪ್ರಯಾಣಿಕ ಬನಿಯನ್ನಿನಲ್ಲಿ ಪಕ್ಕದಲ್ಲೇ ನಿಂತಿದ್ದ. ನಾನು ನಿನ್ನ ಹಾಳೆಯನ್ನು ಉಗ್ರಾಣನ ತೊಡೆಯ ಮೇಲಿಟ್ಟೆ. ಅವನು ಓದಿದ. ನಿಧಾನವಾಗಿ, ಎರಡು ಸಲ. ಆಮೇಲೆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಗುಂಡಿ ಹೊಲಿದು ಮುಗಿಸಿ, ದಾರ ಕಚ್ಚಿ ಕತ್ತರಿಸಿ, ಅಂಗಿ ಕೊಟ್ಟು ಕಳಿಸಿದ. ಆಮೇಲೆ ಕೇಳಿದ, "ನಿನಗೆ ಯಾವತ್ತು ಗೊತ್ತಾಯ್ತು?"

"ನಾಲ್ಕನೇ ತಾರೀಕು" ಅಂದೆ.

ಅವನು ಬೆರಳಲ್ಲಿ ಎಣಿಸಿದ. "ಹತ್ತು ದಿನ" ಅಂದ. "ಅದಕ್ಕೇನಾ ನನ್ನ ಮಲಗಿಸ್ತಾ ಇದ್ದಿದ್ದು? ನಾನು ನಿನಗೆ ವಯಸ್ಸಾಯ್ತು, ಮನಸ್ಸು ಮೆತ್ತಗಾಯ್ತು ಅಂದ್ಕೊಂಡೆ. ಮನೇಲೂ ಹೇಳಿದ್ದೆ, ಪುಣ್ಯಾತ್ಮ ಇಡೀ ದಾರಿ ಅವನೇ ಓಡಿಸ್ತಾನೆ ಅಂತ."

ಅವನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಡಿಪೋಗೆ ನಾನೇ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಬೇರೆ ಡ್ರೈವರ್ ಬರುವವರೆಗೆ ಜನ ಎರಡು ಗಂಟೆ ನಮ್ಮಿಬ್ಬರಿಗೂ ಶಾಪ ಹಾಕಿದರು. ಆಂಬುಲೆನ್ಸ್ ಬಂತು. ಊಟಕ್ಕೆ ನಿಂತ ಜಾಗಕ್ಕೆ ನಿಮ್ಮೂರೇ ಹತ್ತಿರ, ನಿಮ್ಮ ಆಸ್ಪತ್ರೆಗೇ ಕರೆತಂದೆವು. ದಾರಿಯುದ್ದಕ್ಕೂ ಅವನು ಮಲಗಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ. ಕೌಂಟರಿನಲ್ಲಿ ಒಬ್ಬ ಹುಡುಗಿ ನನ್ನನ್ನು ಕೇಳಿದಳು, "ರೋಗಿಯ ಪೂರ್ತಿ ಹೆಸರು ಹೇಳಿ." ನನಗೆ ಅರ್ಧ ಹೆಸರು ಗೊತ್ತಿತ್ತು. "ಹುಟ್ಟಿದ ದಿನ?" ಗೊತ್ತಿಲ್ಲ. "ತಂದೆಯ ಹೆಸರು? ಯಾವುದಾದರೂ ಔಷಧಿ ಆಗಿಬರಲ್ವಾ?" ಗೊತ್ತಿಲ್ಲ. ಅವಳು ತಲೆಯೆತ್ತಿ ನೋಡಿ, "ನೀವು ಇವರಿಗೆ ಏನಾಗಬೇಕು?" ಅಂದಳು. ಹನ್ನೊಂದು ವರ್ಷ ಅಕ್ಕಾ. ನನ್ನ ಅಮ್ಮನ ಹೆಸರು ಅವನಿಗೆ ಬಾಯಿಪಾಠ. ಗಾಲಿ ಕುರ್ಚಿಯಲ್ಲಿ ಕೂತಿದ್ದವನು ಆ ಹುಡುಗಿಗೆ ಹೇಳಿದ, "ಅವನನ್ನ ಯಾಕೆ ಕೇಳ್ತೀರ, ಅವನದು ಬೇಕಿದ್ರೆ ನಾನು ಹೇಳ್ತೀನಿ." ಆಮೇಲೆ ತನ್ನದನ್ನು ತಾನೇ ಹೇಳಿಕೊಂಡ.

ಸಂಜೆ ಅವನ ಹೆಂಡತಿ ಬಂದ ಮೇಲೆ, "ಇನ್ನು ನೀನು ಹೋಗು, ಮತ್ತೆ ಬರಬೇಡ" ಅಂದ.

ಹೊರಡುವ ಮುಂಚೆ ನಿನ್ನ ಕೋಣೆ ಹುಡುಕಿಕೊಂಡು ಬಂದೆ. ಬಾಗಿಲು ಅರ್ಧ ತೆರೆದಿತ್ತು. ನೀನು ಬೆನ್ನು ಹಾಕಿ ಪರದೆ ನೋಡುತ್ತಿದ್ದೆ. ಸ್ವೆಟರಿನ ಮೊಣಕೈ ಹರಿದಿದೆ. ಕರೆಯಲಿಲ್ಲ. ಅಮ್ಮನ ವಿಷಯದಲ್ಲಿ ನೀನು ಬಾಯಿ ಮುಚ್ಚಿಕೊಂಡದ್ದು ಒಂಬತ್ತು ದಿನ. ನಾನು ಹತ್ತು. ಯಾವ ಬಾಯಲ್ಲಿ ಕರೆಯಲಿ.

ತಮ್ಮ


ಏಪ್ರಿಲ್ 3

ತಮ್ಮಾ,

ಅವರ ಆಪರೇಷನ್ ಚೆನ್ನಾಗಿ ಆಯಿತು. ಎದೆ ತೆರೆದು, ಕಾಲಿನಿಂದ ನಾಳ ತೆಗೆದು ಹೊಸ ದಾರಿ ಹಾಕಿದ್ದಾರೆ. ಎರಡು ವಾರವಾಯಿತು, ಕಾರಿಡಾರಿನಲ್ಲಿ ನಡೆಯುತ್ತಾರೆ.

ನಾನು ಹೋಗಿ ನೋಡಿದೆ. ಇಷ್ಟು ವರ್ಷದ ಕೆಲಸದಲ್ಲಿ, ಚಿತ್ರ ಮೊದಲು ನೋಡಿ ಮುಖ ಆಮೇಲೆ ನೋಡಿದ್ದು ಇದೇ ಮೊದಲು. ಅವರೇ, "ನೀವು ಅವನ ಅಕ್ಕ ಅಲ್ವಾ? ಮೂಗು ಒಂದೇ" ಅಂದರು. ನಾನು ಬರೆದ ಹಾಳೆ ದಿಂಬಿನ ಕೆಳಗಿತ್ತು. ನಿನ್ನ ಸುದ್ದಿ ಕೇಳಲಿಲ್ಲ. ನಾನೂ ಎತ್ತಲಿಲ್ಲ. ಹೊರಡುವಾಗ ಮಾತ್ರ, "ಅವನು ಸ್ಕ್ಯಾನ್ ಮಾಡಿಸಿಕೊಂಡ್ನಾ?" ಅಂದರು. ಇಲ್ಲ ಅಂದೆ. ತಲೆ ಅಲ್ಲಾಡಿಸಿ ಗೋಡೆಯ ಕಡೆ ತಿರುಗಿಕೊಂಡರು.

ಬಾಗಿಲವರೆಗೆ ಬಂದು ಹೋದೆ ಅಂತ ಬರೆದಿದ್ದೀಯ. ಪರದೆಯ ಗಾಜಿನಲ್ಲಿ ನಿನ್ನ ನೆರಳು ಕಂಡಿತ್ತು. ನಾನೂ ತಿರುಗಲಿಲ್ಲ. ಯಾಕೆ ಅಂತ ಕೇಳಬೇಡ, ಗೊತ್ತಿಲ್ಲ.

ಒಂದು ಮಾತು ಹೇಳಬೇಕು, ನಾಲ್ಕು ವರ್ಷದಿಂದ ಹೇಳಬೇಕಾಗಿದ್ದದ್ದು. ಅಮ್ಮನ ಚಿತ್ರ ನೋಡಿದ ದಿನವೇ ಅಮ್ಮನಿಗೆ ಹೇಳಿದೆ. ಇನ್ನು ಮಾಡುವುದೇನೂ ಇಲ್ಲ ಅಂತ ಡಾಕ್ಟರೂ ಹೇಳಿದರು. ಅಮ್ಮ ಅಂದಳು, "ಅವನಿಗೆ ಈಗ ಹೇಳಬೇಡ. ಹೇಳಿದ್ರೆ ಬಸ್ಸು ಬಿಟ್ಟು ಬಂದು ನನ್ನ ಮುಖಾನೇ ನೋಡ್ತಾ ಕೂರ್ತಾನೆ. ನಾನು ನಗೋಕೂ ಆಗಲ್ಲ." ಅವಳು ಹೋದ ಮೇಲೆ ಇದನ್ನು ನಿನಗೆ ಹೇಳಿದರೆ ತಪ್ಪು ಅವಳ ಮೇಲೆ ಹೊರಿಸಿದ ಹಾಗಾಗುತ್ತದೆ ಅಂತ ಸುಮ್ಮನಿದ್ದೆ. ಆದರೂ ಆ ಒಂಬತ್ತು ದಿನ ನಿನ್ನವೂ ಆಗಿದ್ದವು, ನಾನು ಕೊಡಲಿಲ್ಲ. ಅದು ನನ್ನ ತಪ್ಪು. ಈಗಲಾದರೂ ಹೇಳಿದೆ.

ಸ್ಕ್ಯಾನ್ ಮಾಡಿಸಿಕೋ. ಈ ಸಲ ನೀನೇ ಹೋಗು.

ಅಕ್ಕ


ಮೇ 6

ತಮ್ಮಾ,

ನಿನ್ನೆ ನಿನ್ನ ಚಿತ್ರ ಬಂತು. ಈ ಸಲ ನಿಯಮದ ಪ್ರಕಾರ ಪಕ್ಕದ ಮೇಜಿಗೆ ದಾಟಿಸಿದೆ. ದಾಟಿಸುವ ಮೊದಲು ಪಕ್ಕೆಲುಬು ಮಾತ್ರ ಎಣಿಸಿದೆ. ನಾಲ್ಕು, ಐದು, ಆರು. ಗಂಟು ಇದೆ. ಮೂವತ್ತನಾಲ್ಕು ವರ್ಷದ ಹಿಂದೆ ನಾನು ನೋಡಿದ ಹಾಗೇ ಇದೆ, ಓರೆಯಾಗಿ. ಸ್ವಲ್ಪ ಹೊತ್ತು ಅದನ್ನೇ ನೋಡಿದೆ.

ಮೇಡಂ ವರದಿಗೆ ಸಹಿ ಹಾಕಿ, ನಿನಗೆ ನಾನೇ ತಿಳಿಸಬಹುದು ಅಂದಿದ್ದಾರೆ. ಸುಣ್ಣದ ಅಂಕ ನೂರ ಹನ್ನೆರಡು. ಅಂಕ ನೋಡಿದರೆ ನೀನು ಅವರಿಗಿಂತ ಕೆಟ್ಟವನು. ಆದರೆ ಎಲ್ಲೂ ದಾರಿ ಕಟ್ಟಿಲ್ಲ, ಬುಡದ ನಾಳ ಸ್ವಚ್ಛವಾಗಿದೆ. ಮೆಟ್ಟಿಲು ಹತ್ತುವಾಗ ಹಿಡಿಯುವುದು ಹೃದಯವಲ್ಲ ಅನ್ನುತ್ತಾರೆ, ಹೊಟ್ಟೆಯದೋ ಹೆಗಲಿನದೋ ನೋಡಬೇಕು. ಕೊಬ್ಬಿನ ಮಾತ್ರೆ ದಿನಾ ತೆಗೆದುಕೊಳ್ಳಬೇಕು. ಸಿಗರೇಟು ಇವತ್ತಿಗೇ ಕೊನೆ.

ಇನ್ನೂ ಒಂದು ಬರೆಯಬೇಕೋ ಬೇಡವೋ ಅಂತ ಬೆಳಿಗ್ಗೆಯಿಂದ ಯೋಚಿಸಿದೆ. ಫೆಬ್ರವರಿಯಲ್ಲಿ ನೀನೇ ಹೋಗಿದ್ದರೆ ಪಾಸಾಗುತ್ತಿದ್ದೆ. ಕಂಪನಿ ಮಾತ್ರೆ ತಿನ್ನು ಅಂತ ಹೇಳಿ ಸ್ಟೇರಿಂಗ್ ನಿನ್ನ ಕೈಯಲ್ಲೇ ಬಿಡುತ್ತಿತ್ತು. ಉಗ್ರಾಣ ಅವರಿಗೆ ಐವತ್ತಾಗುವುದಕ್ಕೆ ಇನ್ನೂ ಎರಡು ವರ್ಷ ಇತ್ತು. ಅವರ ಎದೆಯನ್ನು ಯಾರೂ ನೋಡುತ್ತಿರಲಿಲ್ಲ. ಇದರಿಂದ ನಿನ್ನ ಮೋಸ ಒಳ್ಳೆಯದಾಗುವುದಿಲ್ಲ, ಆ ಹತ್ತು ದಿನವೂ ಅಳಿಸಿಹೋಗುವುದಿಲ್ಲ. ನಿಜ ಇರುವುದು ಹೀಗೆ, ಅದಕ್ಕೇ ಬರೆದೆ.

ಸ್ವೆಟರಿಗೆ ತೇಪೆ ಹಾಕಿಸಿದ್ದೇನೆ.

ನಿನ್ನ
ಅಕ್ಕ


ಮೇ 19

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಊಟ ಸೇರಲಿಲ್ಲ. ಪಾಸಾಗುತ್ತಿದ್ದೆನಂತೆ. ಅಮ್ಮನ ಮಾತನ್ನೂ ಎಷ್ಟು ಸಲ ಓದಿದೆನೋ. ಮುಖಾನೇ ನೋಡ್ತಾ ಕೂರ್ತಾನೆ ಅಂದಳಾ? ಕೂರುತ್ತಿದ್ದೆ, ನಿಜ. ನಿನ್ನ ಮೇಲಿನ ಸಿಟ್ಟು ಹುಡುಕಿದರೂ ಸಿಗುತ್ತಿಲ್ಲ. ಎಲ್ಲಿಟ್ಟೆನೋ.

ಕಂಪನಿಯವರು ಪೂರ್ತಿ ತೆಗೆದುಹಾಕಲಿಲ್ಲ. ಇನ್ನು ಸ್ಟೇರಿಂಗ್ ಕೊಡುವುದಿಲ್ಲ ಅಂತ ಬರೆದುಕೊಟ್ಟು, ಡಿಪೋದಲ್ಲಿ ಜನ ಬಸ್ಸಿನಲ್ಲಿ ಮರೆತ ಸಾಮಾನು ಇಡುವ ಕೋಣೆಗೆ ಹಾಕಿದ್ದಾರೆ. ಮೂವತ್ತೊಂದು ಕೊಡೆ, ಹದಿನಾಲ್ಕು ನೀರಿನ ಬಾಟಲಿ, ಒಂದು ಕಟ್ಟಿದ ಹಲ್ಲಿನ ಸೆಟ್ಟು. ಹಲ್ಲು ಮರೆತು ಇಳಿದು ಹೋದವನು ಆವತ್ತು ಊಟ ಹೇಗೆ ಮಾಡಿದ ಅನ್ನುವುದೇ ನನ್ನ ಈಗಿನ ಚಿಂತೆ. ಬಸ್ಸುಗಳು ಹೊರಡುವ ಸದ್ದು ಕೇಳಿದಾಗ ಬಲಗಾಲು ತಾನಾಗಿ ನೆಲ ಒತ್ತುತ್ತದೆ.

ಆ ಶುಕ್ರವಾರ ಗಡಿಬಿಡಿಯಲ್ಲಿ ಉಗ್ರಾಣನ ಖಾಕಿ ಚೀಲ ಬಸ್ಸಿನಲ್ಲೇ ಉಳಿದಿತ್ತು. ನಾನು ಇಲ್ಲಿಗೆ ಬರುವ ಮೊದಲೇ ಅದು ಬಂದು ಕಪಾಟಿನಲ್ಲಿ ಕೂತಿತ್ತು. ಮನೆಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ಧೂಳು ಒರೆಸಿ ಅಲ್ಲೇ ಇಟ್ಟುಕೊಂಡೆ.

ನಿನ್ನೆ ಹನ್ನೊಂದು ಗಂಟೆಗೆ ಅವನೇ ಬಂದ. ಇಳಿದುಹೋಗಿದ್ದಾನೆ, ಅಂಗಿಯ ಮೇಲಿನ ಗುಂಡಿಯ ಹತ್ತಿರ ಎದೆಗೆ ಹಾಕಿದ ಹೊಲಿಗೆಯ ಗುರುತು ಕಾಣುತ್ತದೆ. ಕಿಟಕಿಯ ಆಚೆ ನಿಂತು, ಪರಿಚಯವೇ ಇಲ್ಲದವನ ಹಾಗೆ, "ಒಂದು ಚೀಲ ಬಿಟ್ಟುಹೋಗಿತ್ತು" ಅಂದ. ಸಾಮಾನು ವಾಪಸು ಕೊಡುವಾಗ ಫಾರಂ ತುಂಬಬೇಕು. ಫಾರಂ ತೆಗೆದೆ. ಅವನನ್ನು ಏನೂ ಕೇಳಲಿಲ್ಲ. ಪೂರ್ತಿ ಹೆಸರು ಬರೆದೆ. ತಂದೆಯ ಹೆಸರು ಬರೆದೆ. ಹುಟ್ಟಿದ ದಿನ, ಮನೆಯ ವಿಳಾಸ ಬರೆದೆ. ಕೌಂಟರಿನಲ್ಲಿ ಆವತ್ತು ಅವನು ಒಂದೇ ಸಲ ಹೇಳಿದ್ದು, ನಾನು ಎರಡು ತಿಂಗಳಿಂದ ಬಾಯಲ್ಲಿ ಹೇಳಿಕೊಳ್ಳುತ್ತಿದ್ದದ್ದು. ಸಹಿಗೆ ಅಂತ ಫಾರಂ ಅವನ ಕಡೆ ತಳ್ಳಿದೆ.

ಅವನು ಬಹಳ ಹೊತ್ತು ನೋಡಿದ. "ತಿಂಗಳು ತಪ್ಪು" ಅಂದ. "ಜುಲೈ ಅಲ್ಲ, ಜೂನ್."

ತಿದ್ದಿದೆ. ಅವನು ಸಹಿ ಹಾಕಿದ. ಚೀಲ ಕೊಟ್ಟೆ. ತೆಗೆದು ಒಳಗೆ ನೋಡಿದ, ಸೂಜಿ ದಾರ ಇದೆಯಾ ಅಂತ. "ಸ್ಕ್ಯಾನ್ ಮಾಡಿಸಿಕೊಂಡ್ಯಾ?" ಅಂದ. ಮಾಡಿಸಿಕೊಂಡೆ ಅಂದೆ. "ಏನಂತೆ?" ಏನೂ ಇಲ್ಲವಂತೆ ಅಂದೆ. "ದರಿದ್ರ" ಅಂದ.

ಇನ್ನು ಹೋಗುತ್ತಾನೆ ಅಂದುಕೊಂಡೆ. ಕಿಟಕಿಯ ಪಕ್ಕದ ಬಾಗಿಲು ತಳ್ಳಿಕೊಂಡು ಒಳಗೆ ಬಂದ, ಕೊಡೆಗಳನ್ನು ಸರಿಸಿ ಬೆಂಚಿನ ಮೇಲೆ ಜಾಗ ಮಾಡಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ. ಮಧ್ಯಾಹ್ನದ ಬಸ್ಸುಗಳು ಹೊರಡುವವರೆಗೂ ಹಾಗೇ ಕೂತಿದ್ದ. ಹನ್ನೊಂದು ವರ್ಷ ನನ್ನ ಬೆನ್ನ ಹಿಂದೆ ಇದ್ದವನನ್ನು ಎದುರಿಗೆ ಕೂರಿಸಿಕೊಂಡು ನೋಡಿದ್ದು ನಿನ್ನೆಯೇ.

ನೀನು ಫೋನ್ ಮಾಡು ಅಕ್ಕಾ. ಎತ್ತುತ್ತೇನೆ.

ನಿನ್ನ ತಮ್ಮ